ಎರಡು ಗ್ರಾಫಿಕ್ಸ್ ಕಾರ್ಡ್: ಯಾವುದು ವಾಸಿ ಎಂದು ಮನೆಯಲ್ಲೇ ಅಳೆಯುವುದು ಹೇಗೆ?

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಹಿಂದಿನ ದಿನ ಅಕ್ಕನ ಮಗ ಫೋನ್ ಮಾಡಿದ್ದ. 'ಮಾಮ, 3060ರಲ್ಲಿ 12 ಜಿಬಿ ಮೆಮೊರಿ ಇದೆ. 4060ರಲ್ಲಿ ಬರೀ 8. ಆದ್ರೂ ಹೊಸದೇ ಫಾಸ್ಟು ಅಂತಾರಲ್ಲ, ಹೇಗೆ?'

ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಇತ್ತು. ಅವನು 4060 ತಂದ. ಒಂದು ಭಾನುವಾರ ಎರಡನ್ನೂ ನನ್ನ ಕಂಪ್ಯೂಟರಿಗೇ ಹಾಕಿ ಅಳೆದೆವು. ಅಂದು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಾರ್ಡುಗಳು ಬೇರೆಯಾದರೂ ಅಳೆಯುವ ದಾರಿ ಇದೇ.

ಮೊದಲು ಕಾರ್ಡ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ

ಡಬ್ಬಿಯ ಮೇಲಿನ ಹೆಸರನ್ನು ನಂಬಿ ಕೂರಬೇಡಿ. 3060 ಹೆಸರಿನಲ್ಲೇ 8 ಜಿಬಿಯದೂ ಇದೆ. ಅದರ ಮೆಮೊರಿ ದಾರಿ (ಬಸ್) 128 ಬಿಟ್, 12 ಜಿಬಿಯದು 192 ಬಿಟ್. ಹಳೆಯ ಜಿಟಿಎಕ್ಸ್ 1060ರ ಕಥೆಯೂ ಹಾಗೇ. 6 ಜಿಬಿಯದರಲ್ಲಿ 1280 ಕೋರ್ (ಲೆಕ್ಕ ಮಾಡುವ ಚಿಕ್ಕ ಘಟಕ), 3 ಜಿಬಿಯದರಲ್ಲಿ 1152. ಲ್ಯಾಪ್‌ಟಾಪಿನ 4060 ಅಂತೂ ತಯಾರಕರು ಇಟ್ಟ ಮಿತಿಯಂತೆ 35 ವಾಟ್‌ನಿಂದ 115 ವಾಟ್‌ವರೆಗೆ ಎಷ್ಟರಲ್ಲಾದರೂ ಓಡಬಹುದು. ಜಿಪಿಯು-ಝಡ್ ಎಂಬ ಚಿಕ್ಕ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆದರೆ ಕೋರ್, ಮೆಮೊರಿ, ಬಸ್ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡದೆ ದುಡ್ಡು ಕೊಡಲೇಬಾರದು.

ಹಾಗಂತ ಆ ಅಂಕಿಗಳನ್ನು ಎದುರುಬದುರು ಇಟ್ಟು ತೀರ್ಪು ಕೊಡುವಂತೆಯೂ ಇಲ್ಲ. 2021ರಲ್ಲಿ ಬಂದ 3060ಯಲ್ಲಿ 3584 ಕೋರ್. 2023ರಲ್ಲಿ ಬಂದ 4060ಯಲ್ಲಿ 3072 ಮಾತ್ರ. ಆದರೂ ಹೊಸದು ಓಡುವ ವೇಗ ಜಾಸ್ತಿ. ಹಳೆಯದರ ಬೂಸ್ಟ್ ವೇಗ ಸುಮಾರು 1.78 ಗಿಗಾಹರ್ಟ್ಸ್, ಹೊಸದರದ್ದು 2.46. ಚಿಪ್ಪಿನೊಳಗೇ ಇರುವ ಚಿಕ್ಕ, ವೇಗದ ಮೆಮೊರಿ ಎಲ್2 ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ ಏರಿದೆ. ಹೀಗಾಗಿ ಒಂದು ತಲೆಮಾರಿನ ಕೋರ್ ಲೆಕ್ಕವನ್ನು ಇನ್ನೊಂದು ತಲೆಮಾರಿಗೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಕಾರ್ಡ್ ಒಂದನ್ನೇ ಬದಲಿಸಿ

ಅದೇ ಪ್ರೊಸೆಸರ್, ಅದೇ ರ‍್ಯಾಮ್, ಅದೇ ಮಾನಿಟರ್, ಅದೇ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇರಲಿ. ನಮ್ಮ ಎರಡೂ ಕಾರ್ಡ್ ಎನ್‌ವಿಡಿಯಾದ್ದೇ ಆದ್ದರಿಂದ ಒಂದೇ ಡ್ರೈವರ್ ಸಾಕಾಯಿತು. ಒಂದು ಬೇರೆ ಕಂಪನಿ ಎಎಂಡಿಯದ್ದಾಗಿದ್ದರೆ ಡಿಡಿಯು ಎಂಬ ತಂತ್ರಾಂಶದಿಂದ ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದು ಹಾಕಿ. ಗೇಮ್ ಸೆಟ್ಟಿಂಗಿನಲ್ಲಿ ಫ್ರೇಮ್‌ಗಳನ್ನು (ಪರದೆಗೆ ಬರುವ ಒಂದೊಂದು ಚಿತ್ರ) ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಮಾಡಿ. ಇಲ್ಲದಿದ್ದರೆ 60 ಹರ್ಟ್ಸ್ ಮಾನಿಟರಿನಲ್ಲಿ ಎರಡೂ ಕಾರ್ಡ್ ಸೆಕೆಂಡಿಗೆ 60 ಫ್ರೇಮ್‌ಗೇ ನಿಂತುಬಿಡುತ್ತವೆ.

ಕಾರ್ಡ್ ಬದಲಿಸಿ ಮತ್ತೆ ಆನ್ ಮಾಡಿದಾಗ ನಮಗೆ ಫ್ರೇಮ್‌ಗಳು ಎರಡಂಕಿಯನ್ನೂ ಮುಟ್ಟಲಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಹಿಂದೆ ಬಗ್ಗಿ ನೋಡಿದರೆ ಮಾನಿಟರಿನ ಕೇಬಲ್ ಮದರ್‌ಬೋರ್ಡಿನ ಕಿಂಡಿಗೆ ಹೋಗಿತ್ತು, ಅಂದರೆ ಆಟ ಓಡುತ್ತಿದ್ದದ್ದು ಕಾರ್ಡಿನಲ್ಲಲ್ಲ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲಿ. ಅದನ್ನು ಕೆಳಗೆ ಕಾರ್ಡಿನ ಕಿಂಡಿಗೆ ಹಾಕಿದ ಮೇಲೆ ಸರಿಹೋಯಿತು. 'ಹೊಸ ಕಾರ್ಡೇ ಕೆಟ್ಟದ್ದು' ಎಂದು ಅಂಗಡಿಗೆ ಓಡುವ ಮುಂಚೆ ಇದನ್ನೊಂದು ನೋಡಿ.

ಇನ್ನೊಂದು ಸಂಗತಿ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 4060 ಮದರ್‌ಬೋರ್ಡಿನ ಜೊತೆ ಮಾತಾಡುವುದು 8 ಲೇನ್‌ಗಳಲ್ಲಿ (ಡೇಟಾ ಹರಿಯುವ ದಾರಿಗಳಲ್ಲಿ), 3060 ಮಾತಾಡುವುದು 16ರಲ್ಲಿ. ಹೊಸ ಬೋರ್ಡಿನಲ್ಲಿ ಇದರಿಂದ ತೊಂದರೆಯಿಲ್ಲ. ಕಾರ್ಡ್ ಕೂರುವ ಸಂಪರ್ಕ ಪಿಸಿಐಇ 3.0 ಆಗಿರುವ ಹಳೆಯ ಬೋರ್ಡಿನಲ್ಲಿ ಆ ದಾರಿಯ ವೇಗ ಅರ್ಧಕ್ಕೆ ಇಳಿಯುತ್ತದೆ. ಬೇರೆಯವರ ದುಬಾರಿ ಯಂತ್ರದಲ್ಲಿ ಬಂದ ಅಂಕಿ ನಿಮ್ಮ ಮನೆಯಲ್ಲಿ ಬಾರದಿರಲು ಇದೂ ಒಂದು ಕಾರಣ.

ಓಡಿಸಿ, ಬರೆದಿಡಿ

ಪರದೆಯ ಮೂಲೆಯಲ್ಲಿ ಅಂಕಿ ತೋರಿಸಲು ಎಂಎಸ್‌ಐ ಆಫ್ಟರ್‌ಬರ್ನರ್, ದಾಖಲಿಸಿಡಲು ಕ್ಯಾಪ್‌ಫ್ರೇಮ್‌ಎಕ್ಸ್ ಇದ್ದರೆ ಸಾಕು. ಎರಡೂ ಉಚಿತ. ಸೈಬರ್‌ಪಂಕ್ 2077ರಂತಹ ಆಟಗಳಲ್ಲಿ ವೇಗ ಅಳೆಯುವ ಬೆಂಚ್‌ಮಾರ್ಕ್ ಒಳಗೇ ಇದೆ, ಪ್ರತಿ ಸಲವೂ ಅದೇ ದೃಶ್ಯ ಬರುತ್ತದೆ. ಅಂಥದ್ದು ಇಲ್ಲದ ಆಟದಲ್ಲಿ ಒಂದೇ ಬೀದಿಯಲ್ಲಿ ಒಂದೇ ದಾರಿಯಾಗಿ 60 ಸೆಕೆಂಡ್ ನಡೆಯಿರಿ.

ಕಂಪ್ಯೂಟರ್ ಆನ್ ಆದ ತಕ್ಷಣ ಅಳೆಯಬೇಡಿ. ತಣ್ಣಗಿರುವ ಕಾರ್ಡ್ ಚುರುಕಾಗಿರುತ್ತದೆ. ಕಾಲು ಗಂಟೆ ಆಡಿ ಬಿಸಿಯಾಗಲಿ. ಮೇ ತಿಂಗಳ ರಾಯಚೂರಿನ ಕೋಣೆಗೂ ಡಿಸೆಂಬರಿನ ಮಡಿಕೇರಿಯ ಕೋಣೆಗೂ ವ್ಯತ್ಯಾಸ ಇದ್ದೇ ಇದೆ, ಅದಕ್ಕೇ ಎರಡೂ ಕಾರ್ಡನ್ನು ಒಂದೇ ದಿನ ನೋಡುವುದು ಒಳ್ಳೆಯದು. ನಾಲ್ಕು ಸಲ ಓಡಿಸಿ, ಮೊದಲನೆಯದನ್ನು ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯಿರಿ.

ಓಡುವಾಗ ಜಿಪಿಯು (ಕಾರ್ಡಿನ ಚಿಪ್) ಬಳಕೆಯ ಶೇಕಡಾವಾರು ಅಂಕಿಯ ಮೇಲೆ ಕಣ್ಣಿರಲಿ. 95ರ ಮೇಲಿದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. 60, 70ರಲ್ಲೇ ನಿಂತರೆ ಬಹುಮಟ್ಟಿಗೆ ಪ್ರೊಸೆಸರ್ ಹಿಂದೆ ಬಿದ್ದು ಕಾರ್ಡನ್ನು ಸುಮ್ಮನೆ ಕೂರಿಸುತ್ತಿದೆ. ಆಗ ಎಂಥ ಕಾರ್ಡ್ ಹಾಕಿದರೂ ಅಷ್ಟೇ ಫ್ರೇಮ್ ಬರುತ್ತದೆ, ಹೋಲಿಕೆಗೇ ಅರ್ಥವಿಲ್ಲ.

ಸರಾಸರಿ ಅಂಕಿ ಮೋಸ ಮಾಡುತ್ತದೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಒಂದು ಸೆಕೆಂಡಿನಲ್ಲಿ 90 ಫ್ರೇಮ್‌ಗಳು ತಲಾ 10 ಮಿಲಿಸೆಕೆಂಡಿನಲ್ಲಿ ಬಂದವು ಎಂದಿಟ್ಟುಕೊಳ್ಳಿ. ಉಳಿದ 100 ಮಿಲಿಸೆಕೆಂಡನ್ನು ಒಂದೇ ಫ್ರೇಮ್ ನುಂಗಿತು. ಮೀಟರ್ ತೋರಿಸುವುದು 91. ಆದರೆ ಆ ಒಂದು ಕಡೆ ಚಿತ್ರ ಗಕ್ಕನೆ ನಿಂತು ಮುಂದೆ ಹೋಗಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಏಕಸಮನಾಗಿ 80 ಕೊಡುವ ಕಾರ್ಡ್ ಇದಕ್ಕಿಂತ ಎಷ್ಟೋ ಹಾಯೆನಿಸುತ್ತದೆ. ಹಾಗಾಗಿ ಸರಾಸರಿಯ ಪಕ್ಕದಲ್ಲೇ '1 ಪರ್ಸೆಂಟ್ ಲೋ' ಬರೆದುಕೊಳ್ಳಿ. ತೀರಾ ನಿಧಾನವಾದ ನೂರರಲ್ಲೊಂದು ಪಾಲು ಫ್ರೇಮ್‌ಗಳ ಲೆಕ್ಕ ಅದು. ಒಂದೊಂದು ತಂತ್ರಾಂಶ ಅದನ್ನು ಒಂದೊಂದು ರೀತಿ ಲೆಕ್ಕ ಹಾಕುತ್ತದೆ, ಎರಡೂ ಕಾರ್ಡಿಗೆ ಒಂದನ್ನೇ ಬಳಸಿ.

ನಮ್ಮ ಪರೀಕ್ಷೆಯಲ್ಲೂ ಇದು ಕಣ್ಣೆದುರೇ ಕಂಡಿತು. 1080ಪಿ, ಮಧ್ಯಮ ಸೆಟ್ಟಿಂಗಿನಲ್ಲಿ 4060 ಸ್ಪಷ್ಟವಾಗಿ ಮುಂದಿತ್ತು. ಒಂದೊಂದು ಫ್ರೇಮ್‌ಗೆ ಹಿಡಿದ ಸಮಯ ತೋರಿಸುವ ಅದರ ಫ್ರೇಮ್ ಟೈಮ್ ಗೆರೆ ನೂಲು ಎಳೆದ ಹಾಗೆ ಇತ್ತು. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಅನ್ನು ಕೊನೆಯ ಹಂತಕ್ಕೆ ಏರಿಸಿ, ಬೆಳಕಿನ ದಾರಿ ಲೆಕ್ಕ ಹಾಕಿ ಬಿಡಿಸುವ ರೇ ಟ್ರೇಸಿಂಗ್ ಹಾಕಿದೆವು. 8 ಜಿಬಿ ತುಂಬಿತು. ಗೆರೆ ಗರಗಸದ ಹಲ್ಲಾಯಿತು. ಕಾರ್ಡಿನಲ್ಲಿ ಜಾಗ ಸಾಲದೆ ರ‍್ಯಾಮಿನಿಂದ ತಂದುಕೊಳ್ಳಬೇಕಾಗಿ ಬಂದಾಗ ಹೀಗಾಗುತ್ತದೆ. ಅದೇ ದೃಶ್ಯದಲ್ಲಿ 3060 ನಿಧಾನವಾಗಿದ್ದರೂ ಎಡವಲಿಲ್ಲ.

ಹೋಲಿಸುವಾಗ ಫ್ರೇಮ್ ಜನರೇಷನ್ ಆಫ್ ಇರಲಿ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ 3 ತಂತ್ರಜ್ಞಾನದ ಈ ಸೌಲಭ್ಯ 4060ಯಲ್ಲಿದೆ, 3060ಯಲ್ಲಿಲ್ಲ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಊಹಿಸಿ ಬರೆದ ಒಂದನ್ನು ಅದು ತೂರಿಸುತ್ತದೆ. ಮೀಟರಿನ ಅಂಕಿ ಏರುತ್ತದೆ, ನೋಟ ನಯವಾಗುತ್ತದೆ. ಆದರೆ ನೀವು ಮೌಸ್ ಒತ್ತಿದ್ದಕ್ಕೆ ಉತ್ತರ ಬೇಗ ಬರುವುದಿಲ್ಲ. ಅದು ಉಪಯುಕ್ತವೇ, ಆದರೆ ಅದರ ಅಂಕಿಯನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಆಟ ಮಾತ್ರವಲ್ಲ

ವಿಡಿಯೊ ಕೆಲಸದವರು ಗಮನಿಸಬೇಕಾದ್ದು, 4060 ಎವಿ1 ಎಂಬ ಮಾದರಿಯ ವಿಡಿಯೊವನ್ನು ತಯಾರಿಸಬಲ್ಲದು, 3060 ಅದನ್ನು ಪ್ಲೇ ಮಾತ್ರ ಮಾಡಬಲ್ಲದು. 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ದೊಡ್ಡ ದೃಶ್ಯ ಕಟ್ಟುವವರಿಗೆ, ಎಐ ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸುವವರಿಗೆ ಆ 12 ಜಿಬಿ ದೊಡ್ಡ ಆಸರೆ.

ಕರೆಂಟ್ ಬಿಲ್ಲೂ ಲೆಕ್ಕಕ್ಕೆ ಬರಲಿ. 3060ರ ಮಿತಿ 170 ವಾಟ್, 4060ರದ್ದು 115. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ದುಡಿಸಿದರೆ 55 ವಾಟ್ ವ್ಯತ್ಯಾಸಕ್ಕೆ ತಿಂಗಳಿಗೆ ಸುಮಾರು 6.6 ಯೂನಿಟ್. ಕೊನೆಯಲ್ಲಿ ಅಂಗಡಿಯ ಬೆಲೆಯನ್ನು ಸರಾಸರಿ ಫ್ರೇಮ್‌ನಿಂದ ಒಮ್ಮೆ, 1 ಪರ್ಸೆಂಟ್ ಲೋದಿಂದ ಒಮ್ಮೆ ಭಾಗಿಸಿ ನೋಡಿ, ಕಡಿಮೆ ಬಂದ ಕಾರ್ಡೇ ವಾಸಿ. ಎರಡು ಉತ್ತರ ಬೇರೆ ಬೇರೆ ಕಡೆ ತೋರಿಸಿದರೆ ನಾನು ಎರಡನೆಯದನ್ನೇ ನಂಬುತ್ತೇನೆ.

ಸಂಜೆ ಹುಡುಗ ತನ್ನ 4060 ಬಿಚ್ಚಿಕೊಂಡು ಹೋದ. ಅವನದು 1080ಪಿ ಮಾನಿಟರ್, ಟೆಕ್ಸ್‌ಚರ್ ಒಂದು ಹಂತ ಇಳಿಸಿದರೆ ಅವನಿಗೆ ಅದೇ ಸರಿ. ಬ್ಲೆಂಡರ್ ಕೆಲಸ ಇರುವ ನಾನು 3060ನ್ನೇ ಮತ್ತೆ ಹಾಕಿದೆ, ಈ ಸಲ ಕೇಬಲ್ ಎಲ್ಲಿದೆ ಎಂದು ಮೊದಲೇ ನೋಡಿಕೊಂಡು.