ಹಳೇ ಟಿವಿ ಗೇಮ್ ಡಬ್ಬಕ್ಕೆ ಹೊಸ ಪೋರ್ಟು, ಬಟನ್ನು ಕೂರಿಸೋದು ಹೇಗೆ

ಚಿಕ್ಕವರಿದ್ದಾಗ ಬೇಸಿಗೆ ರಜೆ ಪೂರ್ತಿ ಆಡ್ತಿದ್ವಲ್ಲ ಟಿವಿ ಗೇಮು, ಕ್ಯಾಸೆಟ್ ಮೇಲೆ 9999 ಇನ್ 1 ಅಂತ ಇರೋದು, ಒಳಗೆ ನೋಡಿದ್ರೆ ಅವೇ ಹತ್ತಿಪ್ಪತ್ತು ಗೇಮು ತಿರುಗಾ ಮುರುಗಾ, ಅದು ಅಟ್ಟದ ಮೇಲೆ ಸಿಕ್ತು. ಬೋರ್ಡ್ ಸತ್ತಿತ್ತು. ಅದನ್ನ ಕಿತ್ತಾಕಿ ರಾಸ್ಪ್‌ಬೆರಿ ಪೈ 3 (ಅಂಗೈಯಷ್ಟು ಪುಟ್ಟ ಕಂಪ್ಯೂಟರ್) ಇಟ್ಟು ರೆಟ್ರೋಪೈ (ಹಳೇ ಗೇಮ್ ಆಡ್ಸೋ ಸಾಫ್ಟ್‌ವೇರ್) ಹಾಕಿದ್ದು ಒಂದೇ ಸಂಜೆ ಕೆಲ್ಸ, ಆದ್ರೆ ಪೋರ್ಟು ಬಟನ್ನು ಸರಿಯಾಗಿ ಕೂರಿಸೋಕೆ ಮೂರು ವೀಕೆಂಡ್ ಹೋಯ್ತು.

ಮೊದ್ಲು ಯುಎಸ್‌ಬಿ. ಪೈನ ಅಂಚಿಗೆ ತಳ್ಳಿ ಅದರ ಪೋರ್ಟನ್ನೇ ಹೊರಗೆ ಕಾಣಿಸೋಣ ಅನ್ನಿಸತ್ತೆ, ಬೇಡ, ಪ್ರತಿ ಸಲ ವೈರ್ ಚುಚ್ಚಿ ಎಳ್ದಾಗ್ಲೂ ಆ ಜಗ್ಗಾಟ ಎಲ್ಲ ಬೋರ್ಡ್ ಮೇಲೇ ಬೀಳತ್ತೆ. ಪ್ಯಾನಲ್ ಮೌಂಟ್ ಎಕ್ಸ್‌ಟೆನ್ಷನ್ ಕೇಬಲ್ ಅಂತ ಕೇಳಿ, ಎರಡೂ ಪಕ್ಕ ಸ್ಕ್ರೂ ಹಾಕೋಕೆ ಕಿವಿ ಇರತ್ತೆ. ನಾನು ಐವತ್ತು ರೂಪಾಯಿ ಉಳಿಸೋಕೆ ಹೋಗಿ ಮಾಮೂಲಿ ಎಕ್ಸ್‌ಟೆನ್ಷನ್ನಿಗೆ ಗ್ಲೂ ಗನ್ ಹೊಡ್ದಿದ್ದೆ, ಅಕ್ಕನ ಮಗ ಪ್ಯಾಡ್ ಹಿಡ್ಕೊಂಡು ಹಿಂದಕ್ಕೆ ಸರ್ದಿದ್ದೇ ತಡ ಪೋರ್ಟು ಅವನ ಜೊತೇನೇ ಬಂತು.

ತೂತು ಕೊರೆಯೋದು ನಿಧಾನದ ಕೆಲ್ಸ. ಹಳೇ ಪ್ಲಾಸ್ಟಿಕ್ ಹಪ್ಪಳದ ಥರ ಒಡ್ಯತ್ತೆ. ಮಾಸ್ಕಿಂಗ್ ಟೇಪ್ ಅಂಟ್ಸಿ ಅದ್ರ ಮೇಲೆ ಗೆರೆ ಹಾಕಿ, ಗೆರೆಯ ಒಳಗಡೆ ಸಣ್ಣ ಸಣ್ಣ ತೂತು ಸಾಲಾಗಿ ಕೊರ್ದು ಆಮೇಲೆ ಅರದಲ್ಲಿ ಉಜ್ಜಿ ಉಜ್ಜಿ ಅಳತೆಗೆ ತನ್ನಿ. ಸೋಲ್ಡರಿಂಗ್ ಐರನ್ನಲ್ಲಿ ಕರಗ್ಸಬೇಡಿ, ಅಂಚು ಸೊಟ್ಟ ಆಗತ್ತೆ, ಹೊಗೆ ಬೇರೆ.

ಪವರ್ ಪೋರ್ಟಿಗೆ ಮಾತ್ರ ಜಿಪುಣತನ ಮಾಡ್ಬೇಡಿ. ಪೈ 3ಕ್ಕೆ 5 ವೋಲ್ಟ್ 2.5 ಆಂಪ್ ಅಡಾಪ್ಟರ್ ಬೇಕು, ಒಳಗಿನ ವೈರು ಸಪೂರ ಇದ್ರೆ ದಾರೀಲೇ ವೋಲ್ಟೇಜ್ ಬೀಳತ್ತೆ, 4.63ಕ್ಕಿಂತ ಕೆಳಗೆ ಹೋದ್ರೆ ಸ್ಕ್ರೀನ್ ಮೂಲೇಲಿ ಮಿಂಚಿನ ಗುರುತು ಬರತ್ತೆ. ಗಿಡ್ಡ, ದಪ್ಪ ವೈರ್ ಹಾಕಿ.

ಹಳೇ ಪವರ್ ಸ್ವಿಚ್ಚಿಗೆ ಕರೆಂಟ್ ಕೊಡಬೇಡಿ, ಪಟ್ ಅಂತ ಆಫ್ ಮಾಡ್ತಾ ಇದ್ರೆ ಒಂದಿನ ಎಸ್‌ಡಿ ಕಾರ್ಡ್ ಕೈ ಕೊಡತ್ತೆ. ಅದ್ರ ಬದ್ಲು ರೀಸೆಟ್ ಬಟನ್ ತಗೊಳ್ಳಿ, ಒತ್ತಿ ಬಿಟ್ರೆ ವಾಪಸ್ ಬರೋದು ಅದು. ಅದ್ರ ಎರಡು ವೈರ್ ಪೈನ 5 ಮತ್ತು 6ನೇ ಪಿನ್ನಿಗೆ ಹಾಕಿ (ಜಿಪಿಐಓ 3, ಅಂದ್ರೆ ಪೈ ಸಿಗ್ನಲ್ ಓದೋ ಪಿನ್ನು, ಮತ್ತು ಗ್ರೌಂಡು), ಪೈನ ಸೆಟ್ಟಿಂಗ್ಸ್ ಇರೋ ಕಾನ್ಫಿಗ್ ಫೈಲಲ್ಲಿ ಜಿಪಿಐಓ-ಶಟ್‌ಡೌನ್ ಓವರ್‌ಲೇ ಸಾಲು ಸೇರ್ಸಿ. ಒತ್ತಿದ್ರೆ ನೀಟಾಗಿ ಶಟ್‌ಡೌನ್, ಇನ್ನೊಂದ್ಸಲ ಒತ್ತಿದ್ರೆ ಅದೇ ಏಳತ್ತೆ. ಇಡೀ ಪ್ರಾಜೆಕ್ಟಲ್ಲಿ ನಂಗೆ ಜಾಸ್ತಿ ಖುಷಿ ಕೊಟ್ಟಿದ್ದು ಈ ಬಟನ್ನೇ.

ಇನ್ನು ಹಳೇ ಪ್ಯಾಡು. ಬಿಚ್ಚಿ ನೋಡಿ, ಒಳಗೆ 4021 ಅಂತ 16 ಕಾಲಿನ ಐಸಿ (ಚಿಪ್) ಇದ್ರೆ ನಿಮ್ಮ ಪುಣ್ಯ. ಎಂಟು ಬಟನ್ನಿನ ಸುದ್ದಿನೂ ಅದು ಒಂದೇ ವೈರಲ್ಲಿ ಒಂದಾದ್ಮೇಲೊಂದು ಕಳಿಸತ್ತೆ. ವೈರ್ ಬಣ್ಣ ನಂಬಬೇಡಿ, ಮಲ್ಟಿಮೀಟರ್ ಬೀಪಲ್ಲಿಟ್ಟು ಐಸಿ ಕಾಲಿಂದ ಹುಡುಕಿ: 16 ಪವರ್, 8 ಗ್ರೌಂಡ್, 9 ಲ್ಯಾಚ್ (ಯಾವ ಬಟನ್ ಒತ್ತಿದೆ ಅಂತ ಹಿಡಿದಿಡೋಕೆ), 10 ಕ್ಲಾಕ್ (ಒಂದೊಂದಾಗಿ ಕಳಿಸೋಕೆ ತಾಳ), 3 ಡೇಟಾ. ಪವರ್ ಕೊಡೋದು ಪೈನ 3.3 ವೋಲ್ಟ್ ಪಿನ್ನಿಂದ, 5 ವೋಲ್ಟಿಂದ ಅಲ್ವೇ ಅಲ್ಲ, ಯಾಕಂದ್ರೆ ಕೊಟ್ಟಷ್ಟೇ ವೋಲ್ಟೇಜ್ ಡೇಟಾ ವೈರಲ್ಲಿ ವಾಪಸ್ ಬರತ್ತೆ, ಪೈ ಪಿನ್ನುಗಳು 5 ವೋಲ್ಟ್ ತಡ್ಕೊಳಲ್ಲ. ರೆಟ್ರೋಪೈ ಸೆಟಪ್ಪಲ್ಲಿ ಗೇಮ್‌ಕಾನ್ ಡ್ರೈವರ್ (ಇಂಥ ಪ್ಯಾಡ್ ಓದೋ ಸಾಫ್ಟ್‌ವೇರ್) ಇದೆ, ಹಾಕ್ಕೊಳ್ಳಿ.

ಐಸಿ ಬದ್ಲು ಕರೀ ಅಂಟಿನ ಉಂಡೆ ಇದ್ರೆ ತಲೆ ಕೆಡಿಸ್ಕೋಬೇಡಿ, ಯುಎಸ್‌ಬಿ ಎನ್‌ಕೋಡರ್ ಬೋರ್ಡ್ (ಬಟನ್ ಒತ್ತಿದ್ದನ್ನ ಯುಎಸ್‌ಬಿ ಮೂಲಕ ಪೈಗೆ ತಿಳ್ಸೋದು) ತಗೊಂಡು ಒಂದೊಂದು ಬಟನ್ನಿಗೂ ಎರಡೆರಡು ವೈರ್ ಎಳೀರಿ, ಆರ್ಕೇಡ್ ಬಟನ್ ಹಾಕೋರಿಗೂ ಇದೇ ದಾರಿ.

ಮುಚ್ಚೋ ಮುಂಚೆ ಎಸ್‌ಡಿ ಕಾರ್ಡಿಗೆ ಕೈ ಹೋಗತ್ತಾ ನೋಡ್ಕೊಳ್ಳಿ. ನಂದ್ರಲ್ಲಿ ಹೋಗಲ್ಲ, ಈಗ್ಲೂ ಪ್ರತಿ ಸಲ ಆರು ಸ್ಕ್ರೂ ಬಿಚ್ಚಬೇಕು.