ಸಿಂಧನೂರು ಬಿಸಿಲಲ್ಲಿ ಕ್ಲೌಡ್ ಚೇಂಬರ್: ನನ್ನ ಅನುಭವ

ಏಪ್ರಿಲ್ ತಿಂಗಳ ನಡುಹಗಲು. ಹೊರಗೆ 42 ಡಿಗ್ರಿ, ಪ್ಲೇಟ್ ಮೇಲೆ ಮೈನಸ್ 28ರ ಆಸುಪಾಸು. ಸಿಂಧನೂರಿನಲ್ಲಿ ಕ್ಲೌಡ್ ಚೇಂಬರ್, ಅಂದರೆ ಕಣ್ಣಿಗೆ ಕಾಣದ ಕಣಗಳು ಹಾದುಹೋದ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಪೆಟ್ಟಿಗೆ, ಓಡಿತು. "ಆಗಂಗಿಲ್ಲ ಬಿಡ್ರಿ ಸರ" ಎನ್ನುತ್ತಿದ್ದ ಉಪನ್ಯಾಸಕ ಮಿತ್ರರೇ ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಗಾಜಿನ ಪೆಟ್ಟಿಗೆ, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಫೆಲ್ಟ್ ಬಟ್ಟೆ, ಕೆಳಗೆ ತಂಪು ಪ್ಲೇಟ್; ಆಲ್ಕೊಹಾಲಿನ ಆವಿ ಇಳಿದು ಪ್ಲೇಟಿನ ಮೇಲೆ ಮಂಜಾಗುತ್ತದೆ. ಇದೆಲ್ಲ ಸುಲಭ. ಕಷ್ಟ ಇರುವುದು ತಂಪಿನಲ್ಲಿ, ದುಡ್ಡಿನಲ್ಲಿ.

ಮೊದಲು ಎಲ್ಲರಂತೆ ಡ್ರೈ ಐಸ್ (ಗಟ್ಟಿ ಕಾರ್ಬನ್ ಡೈಆಕ್ಸೈಡ್) ಹಿಂದೆ ಹೋದೆ. ಹೈದರಾಬಾದಿನಿಂದ ಥರ್ಮೊಕೋಲ್ ಡಬ್ಬಿಯಲ್ಲಿ ಬಸ್ಸಿಗೆ ಹಾಕಿಸಿದರೆ ಇಲ್ಲಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಹಾರಿಹೋಗಿರುತ್ತಿತ್ತು. ಸಲಕ್ಕೆ ಸಾವಿರದ ಮೇಲೆ ಖರ್ಚು, ನೋಡಲು ಸಿಗುತ್ತಿದ್ದದ್ದು ಒಂದು ತಾಸು. ಆಮೇಲೆ ಹಳೆಯ ಫ್ರಿಜ್ಜಿನ ಕಂಪ್ರೆಸರ್ ತಂದೆ. ಮೈನಸ್ 18ಕ್ಕೆ ನಿಂತುಬಿಟ್ಟಿತು, ಒಂದು ಗೆರೆಯೂ ಕಾಣಲಿಲ್ಲ.

ಕೊನೆಗೆ ಕೈಹಿಡಿದದ್ದು 12706 ಪೆಲ್ಟಿಯರ್ ಮಾಡ್ಯೂಲ್, ಎರಡಂತಸ್ತು. ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗಾಗಿ ಇನ್ನೊಂದು ಬದಿ ಬಿಸಿಯಾಗುವ ಬಿಲ್ಲೆ ಅದು. ಕೆಳಗಿನದಕ್ಕೆ 12 ವೋಲ್ಟ್, ಮೇಲಿನದಕ್ಕೆ 5. ಹಳೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಎರಡೂ ಸಿಗುತ್ತವೆ. ಎರಡಕ್ಕೂ 12 ಕೊಟ್ಟರೆ ಮೇಲಿನದರ ಶಾಖವನ್ನು ಕೆಳಗಿನದು ಹೊರಲಾರದು. ನಮ್ಮ ಕಡೆಯ ನಿಜವಾದ ಶತ್ರು ಮೇಲಿನ ಟ್ಯಾಂಕಿನ ನೀರು. ಮಧ್ಯಾಹ್ನ ಕೈ ಸುಡುತ್ತದೆ, ಅದನ್ನು ಬಿಸಿ ಬದಿಗೆ ಹರಿಸಿ ಏನುಪಯೋಗ? ಏಳೆಂಟು ಮಾಡ್ಯೂಲ್ ಸುಟ್ಟವು, ಒಂದೊಂದಕ್ಕೆ ಇನ್ನೂರು ಚಿಲ್ಲರೆ. ಐಸ್ ಫ್ಯಾಕ್ಟರಿಯಿಂದ ಒಂದು ಗಟ್ಟಿ ತಂದು, ಬಕೆಟ್ ನೀರಿನಲ್ಲಿ ಬಿಟ್ಟು, ಕೂಲರ್ ಪಂಪಿನಿಂದ ಸುತ್ತಿಸಿದ ದಿನವೇ ಮಂಜು ಕಟ್ಟಿತು. ಪೆಟ್ಟಿಗೆ ನಿಂತದ್ದು ಆರೇಳು ಸಾವಿರದಲ್ಲಿ. ಹಾಳಾದದ್ದನ್ನು ಸೇರಿಸಿದರೆ ಹದಿನಾಲ್ಕರ ಹತ್ತಿರ. ಹಳೆ ಗೆರೆಗಳು ಬಿಟ್ಟುಹೋದ ಅಯಾನುಗಳನ್ನು (ಆವೇಶದ ಕಣಗಳನ್ನು) ಎಳೆದು ತೆಗೆಯಲು ಬೇಕಾದ ಹೆಚ್ಚಿನ ವೋಲ್ಟೇಜಿಗೆ ಸೊಳ್ಳೆ ಬ್ಯಾಟಿನ ಸರ್ಕ್ಯೂಟ್ ಸಾಕು. ಪ್ಲೇಟಿಗೂ ಮಾಡ್ಯೂಲಿಗೂ ನಡುವೆ ನಾನು ಹಚ್ಚುವುದು ಮಾತ್ರ ಅಂಗಡಿಯ ಪೇಸ್ಟ್ ಅಲ್ಲ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಗಿಡ್ಡ ದಪ್ಪ ಗೆರೆ ಆಲ್ಫಾ ಕಣ, ಸುತ್ತಿ ಸುತ್ತಿ ಹೋಗುವುದು ಎಲೆಕ್ಟ್ರಾನ್. ನೇರಕ್ಕೆ ಸೀಳಿಕೊಂಡು ಹೋಗುವ ತೆಳು ಗೆರೆಗಳಲ್ಲಿ ಹೆಚ್ಚಿನವು ಮ್ಯುಆನ್, ಆಕಾಶದಿಂದ ಇಳಿಯುವ, ಎಲೆಕ್ಟ್ರಾನಿನ ಭಾರದ ಬಂಧು. ಮಂಜಿನ ಪದರ ಒಂದು ಸೆಂಟಿಮೀಟರ್ ಇದ್ದರೆ ಹೆಚ್ಚು, ಆದ್ದರಿಂದ ನೆಟ್ಟಗೆ ಇಳಿಯುವವು ಚುಕ್ಕಿಯಂತೆ ಕಂಡು ಮಾಯವಾಗುತ್ತವೆ; ಓರೆಯಾಗಿ ಬಂದವನ್ನೇ ತೋರಿಸಿ.

ಪ್ರವಚನ ಕೇಳಿ ಬಂದ ಹಿರಿಯರು "ಕಾಲ ಅನ್ನೂದು ಬರೇ ಮಾಯೆ ಅಲ್ಲೇನ್ರಿ ಮಾಸ್ತರ್?" ಎಂದು ಕೇಳುತ್ತಾರೆ. ನಾನು ಆ ಗೆರೆಯನ್ನೇ ತೋರಿಸುತ್ತೇನೆ. ಮ್ಯುಆನ್ ಹುಟ್ಟುವುದು ಸುಮಾರು 15 ಕಿ.ಮೀ. ಮೇಲೆ. ಅದರ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್, ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ದಾಟುವುದು 660 ಮೀಟರ್. ಆ ಲೆಕ್ಕದಲ್ಲಿ ಕೋಟಿಗೊಂದೂ ನೆಲ ಮುಟ್ಟಬಾರದು. ಆದರೆ ಅಂಗೈಯಷ್ಟು ಪ್ಲೇಟಿಗೆ ಹೆಚ್ಚುಕಡಿಮೆ ಸೆಕೆಂಡಿಗೊಂದು ಬರುತ್ತದೆ, ಏಕೆಂದರೆ ಓಡುವ ಮ್ಯುಆನಿನ ಗಡಿಯಾರ ನಮ್ಮದಕ್ಕಿಂತ ನಿಧಾನ. ರೋಸಿ ಮತ್ತು ಹಾಲ್ ಎಂಬ ವಿಜ್ಞಾನಿಗಳು ಇದನ್ನು ಅಳೆದು 1941ರಲ್ಲೇ ಪ್ರಕಟಿಸಿದರು. ಎಲ್ಲರಿಗೂ ಒಂದೇ ಕಾಲ ಎಂಬುದು ಭ್ರಮೆ, ಒಪ್ಪುತ್ತೇನೆ. ಕಾಲವೇ ಭ್ರಮೆಯಾದರೆ ಆ ಮ್ಯುಆನ್ ಎಣಿಸಿಕೊಂಡು ಸಾಯುವುದು ಏನನ್ನು?

ಇನ್ನೊಂದು ವಿಷಯ ಮಕ್ಕಳನ್ನು ಕುಣಿಸುತ್ತದೆ. ಇಳಿಯುವ ಮ್ಯುಆನ್‌ಗಳಲ್ಲಿ ನಾಲ್ಕು ಋಣ ಆವೇಶದವಾದರೆ ಐದು ಧನ ಆವೇಶದವು. ಧನ ಮ್ಯುಆನ್ ಎಂದರೆ ಪ್ರತಿದ್ರವ್ಯ (ಆಂಟಿಮ್ಯಾಟರ್): ತೂಕ ಅದೇ, ಆವೇಶ ವಿರುದ್ಧ. "ಹಂಗಾದ್ರ ಆಂಟಿಮ್ಯಾಟರ್ ಕೆಳಗ ಬೀಳತೈತಿ ಅಂತ ನಾವ ಪ್ರೂಫ್ ಮಾಡಿದ್ವಲ್ರಿ ಸರ!" ಎಂದಳು ಒಬ್ಬ ಹುಡುಗಿ. ಪ್ರಶ್ನೆ ಬಹಳ ಚೆನ್ನಾಗಿದೆ, ಉತ್ತರ ಇಲ್ಲ ಎಂಬುದೇ. ಮ್ಯುಆನ್ ಕೆಳಗೆ ಬಂದದ್ದು ತನ್ನ ವೇಗದಿಂದ. 15 ಕಿ.ಮೀ. ಇಳಿಯುವ ಸುಮಾರು 50 ಮೈಕ್ರೊಸೆಕೆಂಡಿನಲ್ಲಿ ಗುರುತ್ವ ಎಳೆಯುವುದು ಒಂದು ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ. ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನನ್ನು ನಿಧಾನ ಮಾಡಿ ಬೀಳಿಸೋಣವೆಂದರೆ ಅದಕ್ಕೆ ವಿದ್ಯುದಾವೇಶ. ಮೀಟರಿಗೆ ಒಂದು ವೋಲ್ಟಿನ ನೂರುಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಕ್ಷೇತ್ರವಿದ್ದರೂ ಅದರ ಇಡೀ ತೂಕಕ್ಕೆ ಸಮ. ಅದಕ್ಕೇ ಜಿನೀವಾದ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನ ಆಲ್ಫಾ ತಂಡ ಆವೇಶವಿಲ್ಲದ ಆಂಟಿಹೈಡ್ರೋಜನ್, ಅಂದರೆ ಪ್ರತಿದ್ರವ್ಯದ ಹೈಡ್ರೋಜನ್ ಮಾಡಿ, ಮೈನಸ್ 273ರ ಪರಮಶೂನ್ಯಕ್ಕಿಂತ ಅರ್ಧ ಡಿಗ್ರಿಯಷ್ಟೇ ಮೇಲಿನ ತಂಪಿನಲ್ಲಿ ಕಾಂತದ ಬಲೆಯೊಳಗೆ ನಿಲ್ಲಿಸಿ, ಮೇಲೂ ಕೆಳಗೂ ಒಟ್ಟಿಗೆ ಸಡಿಲಿಸಿತು. ಹೆಚ್ಚಿನವು ಕೆಳಗಿನಿಂದಲೇ ಹೊರಬಿದ್ದವು. 2023ರಲ್ಲಿ ಪ್ರಕಟವಾದ ಅಳತೆ 0.75 ಜಿ (ಮಾಮೂಲಿ ವಸ್ತುವನ್ನು ಭೂಮಿ ಎಳೆಯುವುದು 1 ಜಿ), ದೋಷಮಿತಿ ದೊಡ್ಡದು, ಹಾಗಾಗಿ 1 ಜಿಗೂ ಹೊಂದುತ್ತದೆ. ಪ್ರತಿದ್ರವ್ಯ ಮೇಲಕ್ಕೆ ಬೀಳುತ್ತದೆ ಎಂಬ ವಾದ ಅಲ್ಲಿಗೆ ಮುಗಿಯಿತು.

ಈಗ ನನ್ನ ತಲೆ ತಿನ್ನುತ್ತಿರುವುದು ಪೊಟ್ಯಾಷ್: ಅದರಿಂದ ಹೊರಟ ಪಾಸಿಟ್ರಾನಿನ ಗೆರೆಯನ್ನು ನಮ್ಮ ಪೆಟ್ಟಿಗೆಯಲ್ಲೇ ನೋಡಬೇಕು. ಇಲ್ಲಿ ಭತ್ತದ ಗದ್ದೆಗೆ ಹಾಕುವ ಅದೇ ಕೆಂಪು ಗೊಬ್ಬರ, ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್). ಅದರೊಳಗಿನ ವಿಕಿರಣಶೀಲ ಪೊಟ್ಯಾಸಿಯಂ-40 ಲಕ್ಷ ಸಲ ಸಿಡಿದರೆ ಒಂದು ಸಲದಷ್ಟು ಪಾಸಿಟ್ರಾನ್ ಬಿಡುತ್ತದೆ. 50 ಕಿಲೋ ಚೀಲಕ್ಕೆ ಲೆಕ್ಕ ಹಾಕಿದೆ: ಸೆಕೆಂಡಿಗೆ ಏಳೆಂಟು! ಗೊಬ್ಬರದ ಅಂಗಡಿಯಲ್ಲಿ ಕುಳಿತು ನಮ್ಮ ಅಣ್ಣನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. ಚೀಲದೊಳಗೇ ಹೆಚ್ಚಿನವು ಎಲೆಕ್ಟ್ರಾನಿಗೆ ಡಿಕ್ಕಿಯಾಗಿ ಗಾಮಾ ಆಗಿಬಿಡುತ್ತವೆ. ಇಪ್ಪತ್ತು ಗ್ರಾಂ ಪೊಟ್ಟಣವಾದರೆ ಹುಟ್ಟುವುದೇ ಐದು ನಿಮಿಷಕ್ಕೊಂದು, ಹೊರಗೆ ಬರುವುದು ಅದಕ್ಕಿಂತ ಅಪರೂಪ. 1932ರಲ್ಲಿ ಪಾಸಿಟ್ರಾನ್ ಕಂಡುಹಿಡಿದ ಆಂಡರ್ಸನ್, ಕಣ ಯಾವ ಕಡೆಯಿಂದ ಬಂತೆಂದು ತಿಳಿಯಲು 6 ಮಿ.ಮೀ. ಸೀಸದ ತಗಡು ಇಡಬೇಕಾಯಿತು. ನನಗೆ ಪೊಟ್ಟಣ ಎಲ್ಲಿದೆ ಎಂಬುದು ಗೊತ್ತಿರುವುದರಿಂದ ಆ ತೊಂದರೆ ಕಡಿಮೆ. ಕೆಳಗೆ ಹಳೆ ಸ್ಪೀಕರಿನ ಆಯಸ್ಕಾಂತ ಇಟ್ಟಿದ್ದೇನೆ. ಎಲೆಕ್ಟ್ರಾನ್‌ಗಳು ಎಡಕ್ಕೆ ಬಾಗುತ್ತಿವೆ; ಆವೇಶ ವಿರುದ್ಧವಾದ್ದರಿಂದ ಪಾಸಿಟ್ರಾನ್ ಬಲಕ್ಕೆ ಬಾಗಬೇಕು. ಮೊಬೈಲ್ ಮೇಲೆ ಕಟ್ಟಿ ರಾತ್ರಿಯೆಲ್ಲ ವಿಡಿಯೊ ಹಿಡಿದು, ಪೊಟ್ಟಣದಿಂದ ಹೊರಟು ಬಲಕ್ಕೆ ಬಾಗುವ ಗೆರೆ ಹುಡುಕುವ ಕೆಲಸವನ್ನು ದ್ವಿತೀಯ ಪಿಯು ಹುಡುಗರಿಗೆ ಒಪ್ಪಿಸಿದ್ದೇನೆ.