ತೋಳ ಇದ್ದರೆ ಚಿಗರಿಗೆ ರೋಗ ಹಬ್ಬುತ್ತದೆಯೇ? ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ನೋಡಿ

ರೋಗ ಬಿದ್ದ ಚಿಗರಿ (ಕೃಷ್ಣಮೃಗ) ಜೋರಾಗಿ ಓಡಲಾರದು. ತೋಳಕ್ಕೆ ಮೊದಲು ಸಿಗುವುದು ಅದೇ. ಹಾಗಾದರೆ ತೋಳ ಇರುವ ಕಡೆ ರೋಗ ತಾನಾಗಿ ಅಡಗುತ್ತದೆಯೇ? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಂಥ (119 ಚದರ ಕಿ.ಮೀ.) ಬಯಲನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕೋಣ. ಅಂಕಿಗಳು ಕಲಿಕೆಗಾಗಿ ಆರಿಸಿದವು, ಅಲ್ಲಿನ ಗಣತಿಯಲ್ಲ.

ಬೇಟೆಯಾಡುವ ಪ್ರಾಣಿ, ಬಲಿಯಾಗುವ ಪ್ರಾಣಿಗಳ ಸಂಖ್ಯೆ ಹೇಗೆ ಏರಿಳಿಯುತ್ತದೆ ಎಂದು ಹೇಳುವ ಸಮೀಕರಣ ವಿಜ್ಞಾನಿಗಳಾದ ಲೋಟ್ಕಾ (1925), ವೋಲ್ಟೆರಾ (1926) ಅವರದು. ರೋಗ ಹಬ್ಬುವುದರ ಸಮೀಕರಣ ಕರ್ಮಾಕ್ ಮತ್ತು ಮೆಕೆಂಡ್ರಿಕ್ (1927) ಅವರದು. ಎರಡನ್ನೂ ಬೆಸೆಯಬೇಕು.

ಮೊದಲು ಮೂರು ಕಾಲಂ ಮಾಡಿ: ಆರೋಗ್ಯವಂತ ಚಿಗರಿ (ಆ) 600, ರೋಗಿ ಚಿಗರಿ (ರೋ) 10, ತೋಳ (ತೋ) 4. ಒಂದು ಸಾಲು ಎಂದರೆ ಒಂದು ದಿನ. ಮುಂದಿನ ಸಾಲಿಗೆ:

ಹೊಸ ಆ = ಆ + 0.001×ಆ×(1−(ಆ+ರೋ)/1000) − 0.00002×ಆ×ರೋ − 0.0001×ಆ×ತೋ
ಹೊಸ ರೋ = ರೋ + 0.00002×ಆ×ರೋ − 0.001×ರೋ×ತೋ − 0.01×ರೋ
ಹೊಸ ತೋ = ತೋ + 0.000001×ತೋ×(ಆ+10×ರೋ) − 0.0006×ತೋ

1000 ಎಂದರೆ ಬಯಲು ಸಾಕಬಲ್ಲ ಚಿಗರಿಗಳು. 0.001×ಆ ಚಿಗರಿ ಹೆಚ್ಚುವ ದರ, 0.00002 ರೋಗ ಅಂಟುವ ದರ, 0.0001 ಮತ್ತು 0.001×ರೋ×ತೋ ತೋಳ ಹಿಡಿಯುವ ದರಗಳು, 0.000001 ಬೇಟೆಯಿಂದ ತೋಳ ಹೆಚ್ಚುವ ದರ, 0.0006 ತೋಳದ ಸಾವಿನ ದರ. ತೋಳಕ್ಕೆ ರೋಗಿ ಹತ್ತು ಪಟ್ಟು ಸುಲಭವಾಗಿ ಸಿಗುತ್ತದೆ ಎಂದು ಹಿಡಿದಿದ್ದೇವೆ. 0.01 ರೋಗದ ಸಾವಿನ ದರ, ಅಂದರೆ ತೋಳ ಹಿಡಿಯದಿದ್ದರೆ ರೋಗಿ ಸರಾಸರಿ 100 ದಿನ ಬದುಕುತ್ತದೆ.

ಎರಡನೇ ಸಾಲಿನಲ್ಲಿ ರೋ ಸರಿಯಾಗಿ 9.98 ಬರಬೇಕು. 9.979975 ಎಂದು ಚೂರು ಕಡಿಮೆ ಬಂದರೆ ಬಹುಶಃ ಹೊಸ ಆ ಬೆಲೆಯನ್ನೇ ರೋ ಸೂತ್ರಕ್ಕೆ ಕೊಟ್ಟಿದ್ದೀರಿ. ಮೂರೂ ಸೂತ್ರ ಹಿಂದಿನ ಸಾಲಿನ ಬೆಲೆಗಳನ್ನೇ ಓದಬೇಕು. ಈಗ ತೋ ಕಾಲಂ ಸೊನ್ನೆ ಮಾಡಿ: ರೋ 10.02 ಆಗುತ್ತದೆ, ಆ 500ಕ್ಕಿಂತ ಇಳಿಯುವ ತನಕ ಏರುತ್ತಲೇ ಹೋಗುತ್ತದೆ. ಒಂದು ರೋಗಿಯಿಂದ ಹೊಸದಾಗಿ ಎಷ್ಟಕ್ಕೆ ಅಂಟುತ್ತದೆ ಎಂಬುದೇ ಇಲ್ಲಿ ಮುಖ್ಯ. ದಿನಕ್ಕೆ ಅಂಟುವುದನ್ನು (0.00002×600 = 0.012) ದಿನಕ್ಕೆ ರೋಗಿ ಸಾಯುವ ದರದಿಂದ (ರೋಗಕ್ಕೆ 0.01, ತೋಳಕ್ಕೆ 0.001×4) ಭಾಗಿಸಿ: ತೋಳ ಇದ್ದರೆ 0.012/0.014, ಸುಮಾರು 0.86, ಇಲ್ಲದಿದ್ದರೆ 0.012/0.01, ಅಂದರೆ 1.2. ಒಂದಕ್ಕಿಂತ ಕೆಳಗಿದ್ದರೆ ರೋಗ ಆರುತ್ತದೆ.

ಅಷ್ಟಕ್ಕೇ ತೋಳಕ್ಕೆ ಪ್ರಶಸ್ತಿ ಕೊಡಬೇಡಿ. ಹತ್ತೇ ದಿನದಲ್ಲಿ ಕೊಲ್ಲುವ, ಹತ್ತು ಪಟ್ಟು ವೇಗವಾಗಿ ಅಂಟುವ ರೋಗವನ್ನು ಹಾಕಿ (ಸಾವಿನ ದರ 0.1, ಅಂಟುವ ದರ 0.0002): ತೋಳ ಇದ್ದೂ 0.12/0.104, ಅಂದರೆ 1.15. ರೋಗವೇ ಮೊದಲು ಕೊಂದರೆ ತೋಳಕ್ಕೆ ತಡೆಯಲು ಸಮಯವೆಲ್ಲಿ?

ಕೆಡುವುದು ಇಲ್ಲೆಲ್ಲ: ದಿನದ ದರದ ಜೊತೆ ವರ್ಷದ ದರ ಬೆರೆಸುವುದು. ಸಾಲೊಂದಕ್ಕೆ 30 ದಿನ ಇಡುವುದು. ಆಗ ಏರಿಳಿತ ಸುಳ್ಳೇ ಹಿಗ್ಗುತ್ತದೆ. ಅರ್ಧ ದಿನದ ಹೆಜ್ಜೆ ಇಟ್ಟರೂ ಉತ್ತರ ಬದಲಾಗದಿದ್ದರೆ ಸರಿ (ದರಗಳನ್ನೂ ಅರ್ಧ ಮಾಡಿ). 0.01 ರೋಗಿ ಚಿಗರಿ ಮತ್ತೆ ನೂರಾಗಿ ಎದ್ದರೆ ನಂಬಬೇಡಿ, 0.5ಕ್ಕಿಂತ ಇಳಿದರೆ ಸೊನ್ನೆ ಮಾಡುವ ಷರತ್ತು ಹಾಕಿ. ಹಿಂಡು ಎಷ್ಟೇ ದೊಡ್ಡದಿದ್ದರೂ ಚಿಗರಿಗಳ ಒಡನಾಟ ಅಷ್ಟೇ ಇರುವುದಾದರೆ ಸೂತ್ರದಲ್ಲಿ ಅಂಟುವ ಭಾಗವನ್ನು (0.00002×ಆ×ರೋ) (ಆ+ರೋ)ದಿಂದ ಭಾಗಿಸಿ, ದರವನ್ನು 0.012 ಆಸುಪಾಸಿಗೆ ಏರಿಸಬೇಕು.